ಎರಡೂ ಎಡತೋಳು

ಅಪ್ಪಾ,

ನೀನು ತೀರಿಕೊಂಡು ಹನ್ನೊಂದು ವರ್ಷವಾಯಿತು. ಇದು ನಿನ್ನನ್ನು ತಲುಪುವುದಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಇವತ್ತು ನಮ್ಮ ಹೊಲಿಗೆ ಅಂಗಡಿಯಲ್ಲಿ ಒಂದು ಅಂಗಿಗೆ ಎರಡೂ ಎಡತೋಳನ್ನೇ ಕತ್ತರಿಸಿಟ್ಟೆ. ಒಂದು ತೋಳಾದ ಮೇಲೆ ಕಾಗದದ ಅಚ್ಚನ್ನು ಮಗುಚಿ ಇಡುವುದು ಕೈಗೇ ಗೊತ್ತಿರುವ ಕೆಲಸ. ಕೈ ಮರೆಯಿತು.

ಹೋದ ವಾರ ಡಾಕ್ಟರು ನನ್ನ ಮೆದುಳಿನ ಚಿತ್ರ ತೋರಿಸಿ, ನೆನಪಿನ ಭಾಗ ವಯಸ್ಸಿಗಿಂತ ಹೆಚ್ಚು ಕುಗ್ಗಿದೆ ಎಂದರು. ನೀರಿಗೆ ಹಾಕಿದ ಹತ್ತಿಬಟ್ಟೆಯ ಹಾಗೆ ಎಂದುಕೊಂಡೆ. "ಕುಗ್ಗಿದವರೆಲ್ಲ ಮರೀತಾರೆ ಅಂತೇನಿಲ್ಲಮ್ಮ. ಕೆಲವರು ಕೊನೇವರೆಗೂ ಚೆನ್ನಾಗೇ ಇರ್ತಾರೆ. ಆರು ತಿಂಗಳು ಬಿಟ್ಟು ನೋಡೋಣ" ಅಂದರು.

ನೀನು ಇದೇ ಮೇಜಿನ ಮೇಲೆ ಇದೇ ತಪ್ಪು ಮಾಡಿದ ದಿನ, ನಾನು ಗಿರಾಕಿಗಳ ಎದುರಿಗೇ "ಅರವತ್ತಕ್ಕೆ ಅರಳುಮರಳು" ಎಂದು ನಕ್ಕಿದ್ದೆ. ಆಮೇಲೆ ನಿನ್ನ ಕತ್ತರಿಯನ್ನು ಬೀರುವಿನ ಮೇಲೆ ಬಚ್ಚಿಟ್ಟೆ. ನೀನು ದಿನವೂ ಹುಡುಕುತ್ತಿದ್ದೆ. "ನೀನೇ ಎಲ್ಲೋ ಇಟ್ಟಿರ್ತೀಯ, ನೆನಪು ಮಾಡ್ಕೋ" ಎನ್ನುತ್ತಿದ್ದೆ ನಾನು. ನೀನು ನಂಬಿದೆ. ಹಣೆ ಉಜ್ಜಿಕೊಳ್ಳುತ್ತಾ ನೆನಪು ಮಾಡಿಕೊಳ್ಳಲು ಕೂರುತ್ತಿದ್ದೆ.

ನನ್ನ ಮಗಳು ಇವತ್ತು ನಗಲಿಲ್ಲ. ಆ ತೋಳುಗಳನ್ನು ಮಡಿಚಿ ಪಕ್ಕಕ್ಕಿಟ್ಟಳು, ಅಷ್ಟೇ. ಊಟ ಮುಗಿಸಿ ಬಂದರೆ ಮೇಜಿನ ಮೇಲೆ ಕತ್ತರಿ ಇಲ್ಲ.

"ಕತ್ತರಿ ಎಲ್ಲೇ?" ಎಂದೆ.

ಅವಳು ಮಿಷನ್ನಿನಿಂದ ತಲೆ ಎತ್ತಲಿಲ್ಲ. "ನೀನೇ ಎಲ್ಲೋ ಇಟ್ಟಿರ್ತೀಯಮ್ಮ, ನೆನಪು ಮಾಡ್ಕೋ."

ಬೀರು ಅಲ್ಲೇ ಇದೆ, ಅಪ್ಪಾ. ಪಕ್ಕದಲ್ಲೇ ಸ್ಟೂಲೂ ಇದೆ. ಹತ್ತಿ ನೋಡಲು ಧೈರ್ಯ ಸಾಲುತ್ತಿಲ್ಲ. ಕತ್ತರಿ ಅಲ್ಲಿ ಸಿಕ್ಕರೂ ಭಯ, ಸಿಗದಿದ್ದರೆ ಇನ್ನೂ ಭಯ.