ಮೂವತ್ತೊಂದನೆಯ ಪುಟ

ಗದಗು, ಉರಿಮಾಸ ೧೯, ಇಸವಿ ೨೧೮೭

ಕಲ್ಲಕೇರಿ ಕಾಲೇಜಿನ ಹಿಂದಿನ ಶತಮಾನದ ಉದ್ಯಾನ ಸಮಿತಿಯ ಹಿರಿಯರಿಗೆ ನೀಲಗಂಗಾ ಅಂಗಡಿ ಎಂಬವಳ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ಬೇಸಿಗೆ ಹೋಗುವ ಲಕ್ಷಣವೇ ಕಾಣದ್ದರಿಂದ ಮೇ ಆದಮೇಲೆ ನಾವೊಂದು ಹದಿಮೂರನೆಯ ತಿಂಗಳು ಸೇರಿಸಿಕೊಂಡೆವು, ಅದೇ ಉರಿಮಾಸ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ನಿಮ್ಮ ಕಾಲೇಜಿನ ನೆರಳುಗಾರ್ತಿ. ಯಾವ ಹೊತ್ತಿಗೆ ಯಾವ ಮರದ ನೆರಳು ಎಲ್ಲಿ ಬೀಳುತ್ತದೆಂದು ನೋಡಿ ಪಾಠಕ್ಕೆ ಜಾಗ ಗೊತ್ತುಮಾಡುವುದು ನನ್ನ ಕೆಲಸ.

ನಿಮ್ಮ ಕಡತ ನನ್ನ ಕೈಯಲ್ಲಿದೆ. ನಕಾಶೆ ಎಷ್ಟು ಚಂದ! ಆದರೆ ಕಂಪೌಂಡ್ ಗೋಡೆಯಾಚೆ ಬರೀ ಬಿಳಿ ಹಾಳೆ. ಅಲ್ಲಿ ಇಪ್ಪತ್ತು ಮನೆಗಳಿದ್ದದ್ದು ನಿಮಗೆ ಕಾಣಲೇ ಇಲ್ಲವೆ? ಬೈಕ್ ನಿಲ್ಲಿಸುವ ಜಾಗಕ್ಕೆ ನೆರಳಾಗಲೆಂದು ಅದರ ಮೂಡಣಕ್ಕೆ, ಗೋಡೆಯುದ್ದಕ್ಕೂ ಬೇವು ಹಚ್ಚಿದಿರಿ. ಬೆಳಿಗ್ಗೆ ಒಂಬತ್ತಕ್ಕೆ ಬಿದಿರು ನಿಲ್ಲಿಸಿ ನೆರಳು ನೋಡಿದಿರಿ, ಗಿರ್ಮಿಟ್ಟು ಮಿರ್ಚಿ ತಿಂದಿರಿ, ಮನೆಗೆ ಹೋದಿರಿ. ಮಧ್ಯಾಹ್ನ ಒಬ್ಬರೂ ಬಂದು ನೋಡಲಿಲ್ಲ. ಮಧ್ಯಾಹ್ನದ ನೆರಳು ಗೋಡೆ ಹಾರಿ ನೆರೆಯವರ ಕಟ್ಟೆಯ ಮೇಲೆ ಬೀಳುತ್ತದಲ್ಲ, ಮಹರಾಯರೇ!

ಮರ ಬೆಳೆದ ಮೇಲೆ, ಹಪ್ಪಳದ ಮೇಲೆ ಬೇವಿನ ಹೂ ಉದುರುತ್ತದೆಂದು ನೆರೆಯವರು ಬರೆದ ತಕರಾರುಗಳನ್ನೂ ಓದಿ ನಕ್ಕಿದ್ದೇನೆ. ಈಗ ಉರಿಮಾಸದ ಮಧ್ಯಾಹ್ನ ನಮ್ಮ ಕೋಣೆಗಳೊಳಗೆ ಕೂರಲಾಗದು. ಗೋಡೆಯಲ್ಲಿ ಬಾಗಿಲು ಒಡೆದಿದ್ದೇವೆ. ಮೂರು ಗಂಟೆಗೆ ವಿದ್ಯಾರ್ಥಿಗಳು ಚಾಪೆ ಹಿಡಿದು ಆ ಕಟ್ಟೆಗಳಿಗೆ ಹೋಗುತ್ತಾರೆ, ಇದಕ್ಕೆ ಕಟ್ಟೆಪಾಠವೆನ್ನುತ್ತೇವೆ. ರಸಾಯನಶಾಸ್ತ್ರ ನಡೆಯುವುದು ಗುರವ್ವ ಹಡಪದ ಅವರ ಕಟ್ಟೆಯ ಮೇಲೆ. ಎಂಬತ್ತರ ಆ ಅಜ್ಜಿ ಜೋಳ ಹಸನು ಮಾಡುತ್ತ ಕೇಳಿ ಕೇಳಿ, ಈಗ ಮೇಷ್ಟ್ರ ಸಮೀಕರಣದಲ್ಲೇ ತಪ್ಪು ಹುಡುಕುತ್ತಾರೆ.

ಈಗ ನನ್ನ ಸಂಕಟ ಕೇಳಿ. ಬೇವಿನ ಸಾಲು ಕಡಿದು ಬಿಸಿಲುಗೋಡೆ, ಅಂದರೆ ಕರೆಂಟು ಕೊಡುವ ಗೋಡೆ, ಎಬ್ಬಿಸಬೇಕೆಂದು ಆಡಳಿತದವರು ಹಟ ಹಿಡಿದಿದ್ದಾರೆ. ನಮ್ಮ ಕಾಯಿದೆಯಂತೆ, ನೆರಳು ಎಲ್ಲಿ ಬೀಳುತ್ತದೆಂದು ತಿಳಿದು ನೆಟ್ಟ ಮರವನ್ನು ಯಾರೂ ಮುಟ್ಟುವಂತಿಲ್ಲ. ತಪ್ಪಿ ನೆಟ್ಟದ್ದನ್ನು ಕಡಿಯಬಹುದು. ನಿಮ್ಮದು ತಪ್ಪೆಂದು ಕಡತವೇ ಹೇಳುತ್ತದೆ. ಮೂವತ್ತನೆಯ ಪುಟದಲ್ಲಿ ನಿಮ್ಮಲ್ಲೇ ಒಬ್ಬರು, ಲೆಕ್ಕ ತಪ್ಪಿದೆ, ಸಸಿ ಕಿತ್ತು ಪಡುವಣಕ್ಕೆ ಹಚ್ಚಿ ಎಂದು ಬರೆದಿದ್ದಾರೆ. ಮೂವತ್ತೊಂದನೆಯ ಪುಟ ಖಾಲಿ. ಸಸಿ ಮಾತ್ರ ಕೀಳಲಿಲ್ಲ. ಯಾಕೆ? ಯಾರಾದರೂ ಮಧ್ಯಾಹ್ನ ಬಂದು ಆ ಕಟ್ಟೆಗಳನ್ನು ನೋಡಿದಿರೋ, ಇಲ್ಲಾ ಬರೀ ಸೋಮಾರಿತನವೋ? ಇದೊಂದು ಪ್ರಶ್ನೆ ತಿಂಗಳಿಂದ ನನ್ನ ತಲೆ ತಿನ್ನುತ್ತಿದೆ.

ಗುರವ್ವನಿಗೆ ಸುದ್ದಿ ಹೇಳಿದಾಗ ಅವರು ಮೊರ ಕೆಳಗಿಟ್ಟು ಮರದ ಕಡೆ ನೋಡಿದರು. “ತಪ್ಪಿ ಬಿದ್ರೇನವಾ, ನೆರಳು ನೆರಳೇ ಅಲ್ಲೇನು?” ಎಂದರು. ನನಗೆ ಅಳು ಬಂತು. ಕಾಯಿದೆಗೆ ಈ ಮಾತು ಸಾಲದು.

ನಿಮ್ಮನ್ನು ಬೇಡುವುದು ಇಷ್ಟೇ. ನಿಮ್ಮ ಕಾಲದ ನಾಳೆ ಮಧ್ಯಾಹ್ನ ಮೂರಕ್ಕೆ ಗೋಡೆಯಾಚೆ ಹೋಗಿ ನಿಲ್ಲಿ. ಸುಳ್ಳು ಬರೆಯಿರೆಂದು ಹೇಳುವವಳಲ್ಲ ನಾನು. ನೋಡಿದ ಮೇಲೂ ಸಸಿ ಅಲ್ಲೇ ಇರಲಿ ಎನ್ನಿಸಿದರೆ ಮೂವತ್ತೊಂದನೆಯ ಪುಟದಲ್ಲಿ ಒಂದು ಸಾಲು ಬರೆದು ಸಹಿ ಹಾಕಿ.

ಮರ ಕಡಿಯುವ ವಿಚಾರದ ಸಭೆ ನಮ್ಮ ಕಾಲದ ನಾಳೆ ಬೆಳಿಗ್ಗೆ ಏಳಕ್ಕೆ. ಆರೂವರೆಗೆ ಕಡತ ತೆರೆಯುತ್ತೇನೆ.