ಕಾಲಂಗುಲದ ಸೈನ್ಯ

ಫೆಬ್ರವರಿ 4

ಇವತ್ತು ನಲವತ್ತು. ಒಟ್ಟು ನೂರಾ ಅರವತ್ತು ಆಯಿತು. ಇನ್ನು ಎಂಬತ್ತು ಬಾಕಿ. ಒಬ್ಬೊಬ್ಬ ಆಟದ ಸೈನಿಕನೂ ಅಕ್ಕಿಕಾಳಿನಷ್ಟು, ತಲೆ ಸಾಸಿವೆಯಷ್ಟು. ಐದೈದು ಜನ ಒಂದು ಪಟ್ಟಿಯ ಮೇಲೆ. ಪಟ್ಟಿಯನ್ನು ಬಾಟಲಿ ಮುಚ್ಚಳಕ್ಕೆ ಅಂಟಿಸಿ, ಮುಚ್ಚಳ ಹಿಡಿದು ಬಣ್ಣ ಹಾಕುವುದು. ಬೆನ್ನು ಬಿದ್ದುಹೋಗಿದೆ. ಕೈ ಮಾತ್ರ ಅಲುಗಿಲ್ಲ. ಬೊಂಬೆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕಣ್ಣು ಬರೆದ ಕೈ ಇದು.

ಬೇರೆ ಯಾವುದೋ ಗ್ರಹದ ಯುದ್ಧವಂತೆ. ಕಾಲಿನ ಮೇಲೆ ನಡೆಯುವ ಯಂತ್ರಗಳು, ನೆಲ ಮುಟ್ಟದ ಟ್ಯಾಂಕುಗಳು. ಮೀಸೆ ಬಂದ ಗಂಡಸರು ಮೇಜಿನ ಮೇಲೆ ಹರಡಿಕೊಂಡು, ದಾಳ ಹಾಕಿ ಆಡುತ್ತಾರಂತೆ. ಆಡಲಿ. ಕಾರ್ಖಾನೆ ಮುಚ್ಚಿ ಏಳು ತಿಂಗಳು. ಕೆಲಸ ಕೇಳಿಕೊಂಡು ಆಟದ ಸಾಮಾನಿನ ಅಂಗಡಿಗೆ ಹೋದರೆ ಅಂಗಡಿಯವನು ಈ ಡಬ್ಬಿ ಕೈಗಿಟ್ಟ.

"ಮಾರ್ಚ್‌ನಲ್ಲಿ ನಮ್ಮ ಆಟಗಾರರ ಸಂಘದ ಪ್ರದರ್ಶನ ಇದೆ ಅಕ್ಕಾ. ಇದನ್ನ ಬಣ್ಣ ಮಾಡಿ ಇಡಿ. ನೋಡಿದೋರು ಒಪ್ಪಿದ್ರೆ ತಮ್ಮ ಸೈನ್ಯಾನೂ ತಂದು ನಿಮ್ಮ ಕೈಗೇ ಕೊಡ್ತಾರೆ. ವರ್ಷಪೂರ್ತಿ ಕೆಲಸ. ಒಪ್ಪದಿದ್ರೆ... ನಾನೇನು ಮಾಡ್ಲಿ."

ಅಂದರೆ ಇರುವುದು ಇದೊಂದೇ ಸಲ.

ಫೆಬ್ರವರಿ 5

ಮುಗಿದಷ್ಟನ್ನು ಅಂಗಡಿಗೆ ಒಯ್ದೆ. ಅವನು ಭೂತಗನ್ನಡಿ ಹಿಡಿದು ಒಂದು ಪಟ್ಟಿ ನೋಡಿದ.

"ಅಕ್ಕಾ, ಇದಕ್ಕೆ ಕಣ್ಣು ಬರ್ದಿದ್ದೀರಾ?"

ಬರೆದಿದ್ದೆ. ಬಿಳಿ, ಅದರೊಳಗೆ ಕಪ್ಪು. ನೂರಾ ಅರವತ್ತು ಜನಕ್ಕೂ ಎರಡೆರಡು. ಮೂರೇ ಎಳೆ ಉಳಿಸಿಕೊಂಡ ಬ್ರಷ್‌ನಲ್ಲಿ.

"ಇಷ್ಟು ಚಿಕ್ಕದಕ್ಕೆ ಕಣ್ಣು ಬರೆದೋರನ್ನ ನಾನು ನೋಡೇ ಇಲ್ಲ," ಅಂದ. ಹಿಗ್ಗಿಹೋದೆ. ಆಮೇಲೆ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಮೂರು ಹೆಜ್ಜೆ ಹಿಂದಕ್ಕೆ ಹೋಗಿ ನಿಂತ. ನನ್ನನ್ನೂ ಕರೆದ.

ನಿಂತು ನೋಡಿದೆ. ಒಂದು ಕಪ್ಪು ರಾಶಿ. ಅದರ ತುಂಬ ಬಿಳಿ ಚುಕ್ಕೆ.

"ಹಾವು ತುಳಿದೋರ ಹಾಗೆ ಕಾಣ್ತಿದ್ದಾರಲ್ವಾ?" ಮೆಲ್ಲಗೆ ಹೇಳಿದ, ಪಾಪ. "ಈ ಅಳತೇಲಿ ಇರೋದನ್ನ ಬರೀಬಾರ್ದು ಅಕ್ಕಾ. ದೂರದಿಂದ ಕಾಣೋದನ್ನ ಬರೀಬೇಕು. ಚಿಕ್ಕದು ತಾನಾಗೇ ಕಪ್ಪಾಗಿ ಕಾಣುತ್ತೆ, ಅದಕ್ಕೆ ಬಣ್ಣ ಇನ್ನೂ ತಿಳಿಯಾಗ್ಬೇಕು. ಕಣ್ಣಂತೂ ಬೇಡವೇ ಬೇಡ."

ಕಣ್ಣು ಬೇಡವಂತೆ.

ಫೆಬ್ರವರಿ 6

ಏನೂ ಮಾಡಲಿಲ್ಲ. ಅತ್ತೆ ಒಂದು ಪಟ್ಟಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. "ಇವ್ರಿಗ್ಯಾಕೆ ಇಷ್ಟು ಗಾಬರಿ? ಇವ್ರ ಕಾರ್ಖಾನೇನೂ ಮುಚ್ಚಿತಾ?"

ನಗು ಬರಲಿಲ್ಲ. ಈಗ ಬರೆಯುವಾಗ ಸ್ವಲ್ಪ ಬಂತು.

ಫೆಬ್ರವರಿ 10

ತರಕಾರಿ ಅಂಗಡಿಯ ಮುಂದೆ ಕೂದಲಕ್ಕ ಸಿಕ್ಕಳು. ನಾನು ಕಣ್ಣಿನ ಮೇಜಿನವಳು, ಅವಳು ಕೂದಲಿನ ಮೇಜಿನವಳು. ಕಾರ್ಖಾನೆಯಲ್ಲಿ ಯಾರೂ ಇಡೀ ಬೊಂಬೆ ಮಾಡಿದ್ದಿಲ್ಲ. ಒಬ್ಬಳಿಗೆ ಕಣ್ಣು, ಒಬ್ಬಳಿಗೆ ತುಟಿ, ಒಬ್ಬಳಿಗೆ ಕೂದಲು, ಒಬ್ಬಳಿಗೆ ಬೂಟು.

ಸೈನ್ಯದ ಕಥೆ ಹೇಳಿದೆ. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

"ಮೇಲಿನ ಎಳೆಗೆ ತಿಳಿ, ಒಳಗಿನ ಎಳೆಗೆ ಗಾಢ. ಹದಿನಾರು ವರ್ಷ ಅದನ್ನೇ ಮಾಡಿದ್ದೀನಲ್ಲೇ," ಅಂದಳು. "ನಿನ್ನ ಸೈನಿಕರಿಗೆ ಬೇಕಾಗಿರೋದು ಕಣ್ಣಲ್ಲ. ನೆತ್ತಿ ಮೇಲೆ ಬಿಸಿಲು."

ಚೀಲವನ್ನೂ ಇಳಿಸದೆ ಮನೆಗೆ ಬಂದಳು. ಒಂದು ಪಟ್ಟಿ ತೆಗೆದುಕೊಂಡು ಐದು ಹೆಲ್ಮೆಟ್ಟಿನ ತುದಿಗೆ ತಿಳಿ ಬಣ್ಣ ಮುಟ್ಟಿಸಿದಳು. ಬಾಗಿಲ ತನಕ ಹೋಗಿ ತಿರುಗಿ ನೋಡಿದೆ. ಐದು ಜನ ಎದ್ದು ನಿಂತಿದ್ದರು.

ಫೆಬ್ರವರಿ 13

ಈಗ ನಾಲ್ಕು ಜನ. ಕೂದಲಕ್ಕ ತುಟಿಯನ್ನು ಕರೆತಂದಳು. ತುಟಿ ಬೂಟನ್ನು ಕರೆತಂದಳು. ಇವು ಕಾರ್ಖಾನೆಯಲ್ಲಿ ಬಿದ್ದ ಹೆಸರು. ನನಗೂ ಒಂದಿತ್ತು, "ಕಣ್ಣಮ್ಮ". ಕಣ್ಣಿನ ಮೇಜು ಕಿಟಕಿಯ ಪಕ್ಕ, ಫ್ಯಾನಿನ ಕೆಳಗೆ. ಬೂಟಿನ ಮೇಜು ಕಕ್ಕಸಿನ ಗೋಡೆಗೆ ಅಂಟಿಕೊಂಡು. ಕಣ್ಣಿನವರು ಬೂಟಿನವರ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಕೂರುತ್ತಿರಲಿಲ್ಲ, ಅಷ್ಟೇ.

ಇವತ್ತು ಒಂದೇ ಮೇಜು. ತುಟಿ ಒಬ್ಬ ಸೈನಿಕನನ್ನು ಮೂಗಿನ ಹತ್ತಿರ ಹಿಡಿದು ಬೈದಳು. "ಇವನಿಗೆ ತುಟಿ ಎಲ್ಲಿದೆ? ಮುಖವಾಡ ಹಾಕ್ಕೊಂಡಿದ್ದಾನೆ. ನನ್ನ ಹೊಟ್ಟೆ ಮೇಲೆ ಹೊಡೆಯೋಕೇ ಹುಟ್ಟಿದ ಗ್ರಹ." ಬಂದೂಕಿನ ತುದಿಗೆ ಕೆಂಪು ಚುಕ್ಕೆ ಇಡುವ ಕೆಲಸ ಅವಳಿಗೆ. ಒಂದೇ ತಾಕು, ಎರಡನೆಯದಿಲ್ಲ.

ನನ್ನ ಕೆಲಸ? ಕಣ್ಣು ಅಳಿಸುವುದು. ಮುನ್ನೂರ ಇಪ್ಪತ್ತು ಕಣ್ಣು. ಬರೆದವಳೇ ಮುಚ್ಚಿದೆ.

ಫೆಬ್ರವರಿ 18

ಬೂಟು ಮೂರು ದಿನದಿಂದ ಸೈನಿಕರನ್ನು ಮುಟ್ಟಿಲ್ಲ. ಇಟ್ಟಿಗೆ ಕುಟ್ಟಿ, ಹಳೇ ವೇಲಿನಲ್ಲಿ ಜರಡಿ ಹಿಡಿಯುತ್ತಾ ಕೂತಿದ್ದಳು. ಸಿಡುಕಿದೆ. "ಬಣ್ಣ ಹಾಕೋಕೆ ಕರೆದದ್ದು, ಮಸಾಲೆ ಕುಟ್ಟೋಕಲ್ಲ."

"ನೆಲ ಇಲ್ದೆ ನಿನ್ನ ಸೈನ್ಯ ಎಲ್ಲಿ ನಿಲ್ಲುತ್ತೆ ಕಣ್ಣಮ್ಮ? ಫ್ಯಾನಿನ ಕೆಳಗಾ?"

ಉಳಿದಿಬ್ಬರೂ ತಲೆ ತಗ್ಗಿಸಿ ನಕ್ಕರು.

ಸಂಜೆ ಪಟ್ಟಿಗಳಿಗೆ ಅಂಟು ಸವರಿ ಕೆಂಪು ಮಣ್ಣು ಉದುರಿಸಿದಳು. ಆಮೇಲೆ ಒಣ ಬ್ರಷ್‌ನಲ್ಲಿ ಅದೇ ಬಣ್ಣವನ್ನು ಸೈನಿಕರ ಮೊಣಕಾಲಿನವರೆಗೆ, ಯಂತ್ರಗಳ ಪಾದದವರೆಗೆ ಎಳೆದಳು. "ನಡೆದೋರ ಕಾಲಿಗೆ ಧೂಳು ಹತ್ತುತ್ತೆ. ಹತ್ತದೇ ಇದ್ರೆ ಯಾರೋ ಎತ್ಕೊಂಡು ಬಂದು ಇಟ್ಟ ಹಾಗಿರುತ್ತೆ."

ಮೂರು ಹೆಜ್ಜೆ ಹಿಂದೆ ಹೋಗಿ ನೋಡಿದೆವು. ಬಹಳ ದೂರದಿಂದ ನಡೆದು ಬಂದ ಜನ. ಇನ್ನೂ ನಿಲ್ಲುವ ಹಾಗೆ ಕಾಣಲಿಲ್ಲ.

ಫೆಬ್ರವರಿ 25

ಪ್ರದರ್ಶನದ ಸ್ಪರ್ಧೆಯ ಅರ್ಜಿ ಬಂತು. ಒಂದು ಹಾಳೆ. "ಕಲಾವಿದರ ಹೆಸರು" — ಮುಂದೆ ಒಂದೇ ಗೆರೆ.

ನನ್ನ ಹೆಸರು ಬರೆದೆ.

ಜಾಗ ಒಂದೇ ಇತ್ತು. ಡಬ್ಬಿ ಕೊಟ್ಟದ್ದು ನನಗೆ. ಮೊದಲ ನೂರಾ ಅರವತ್ತು ನನ್ನದು. ಕೆಲಸ ಬಂದರೆ ಹಂಚಿಕೊಳ್ಳುವುದು ಇದ್ದೇ ಇದೆ... ಇಷ್ಟೊಂದು ಕಾರಣ ಯಾಕೆ ಬರೆಯುತ್ತಿದ್ದೇನೆ?

ಮಾರ್ಚ್ 1

ಬೂಟು ಬರಲಿಲ್ಲ.

ಮಾರ್ಚ್ 2

ಇವತ್ತೂ ಇಲ್ಲ. ಕೂದಲಕ್ಕ ಹೇಳಿದಳು: ಅಂಗಡಿಯ ಗೋಡೆಗೆ ಹೆಸರಿನ ಪಟ್ಟಿ ಅಂಟಿಸಿದ್ದಾರೆ. ಯಾರ ಸೈನ್ಯ, ಯಾರ ಹೆಸರು. ಬೂಟು ಅಂಟು ತರಲು ಹೋದವಳು ಓದಿಕೊಂಡು ಬಂದಳಂತೆ. "ನಾನೂ ಓದಿದೆ," ಅಂದಳು ಕೂದಲಕ್ಕ. ಬ್ರಷ್ ತೊಳೆದಳು. ಎದ್ದು ಹೋದಳು. ತುಟಿ ಅವಳ ಹಿಂದೆ.

ಮಾರ್ಚ್ 5

ಬರೆಯಲೇಬೇಕು. ಇಲ್ಲದಿದ್ದರೆ ಈ ಪುಸ್ತಕ ಒಲೆಗೆ ಹಾಕುವುದು ಒಳ್ಳೆಯದು.

ಕಂಪನಿ ಬೊಂಬೆಯ ಬೆನ್ನಿಗೆ ತನ್ನ ಮುದ್ರೆ ಒತ್ತುತ್ತಿತ್ತು. ಕಣ್ಣು ನಮ್ಮದು, ತುಟಿ ನಮ್ಮದು, ಬೂಟು ನಮ್ಮದು, ಮುದ್ರೆ ಅವರದು. ಕಾರ್ಖಾನೆ ಮುಚ್ಚಿದಾಗ ಗೇಟಿನ ಮುಂದೆ ನಲವತ್ತು ದಿನ ಧರಣಿ ಕೂತು ಇದನ್ನೇ ಕೂಗಿದ್ದು. ಮೈಕು ಹಿಡಿದವಳು ನಾನು. ನನಗೆ ನೀರು ತಂದುಕೊಟ್ಟವಳು ಬೂಟು. ಈಗ ಮುದ್ರೆ ನನ್ನ ಕೈಗೆ ಸಿಕ್ಕಿತು, ಒಂದೇ ಒಂದು ಹಾಳೆಯ ಮೇಲೆ. ನಾನೂ ಒತ್ತಿಬಿಟ್ಟೆ. ಮಾಲೀಕ ಅಂದರೆ ಬೇರೆ ಜಾತಿಯ ಪ್ರಾಣಿ ಅಂದುಕೊಂಡಿದ್ದೆ. ನನ್ನ ಅಡುಗೆಮನೆಯಲ್ಲೇ ಹುಟ್ಟಿದ.

ಮಾರ್ಚ್ 6

ಬೂಟಿನ ಮನೆಗೆ ಹೋದೆ. ಮೂರನೇ ಮಹಡಿ, ಮೆಟ್ಟಿಲಿಗೆ ಕಂಬಿಯಿಲ್ಲ. ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ.

"ತಪ್ಪಾಯ್ತು," ಅಂದೆ.

"ಆಯ್ತು."

"ಬೇರೆ ಅರ್ಜಿ ತಂದಿದ್ದೀನಿ. ನಾಲ್ಕೂ ಹೆಸರು ಬರೀತೀನಿ."

"ಬರಿ."

ಪೆನ್ನು ತೆಗೆದೆ. ನಿಂತೆ. ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಛಾವಣಿ. ನಲವತ್ತು ದಿನ ಒಂದೇ ಚಾಪೆ. ಬೂಟು ಅಂತಲೇ ಕೂಗಿದ್ದೆ, ಬೂಟು ಅಂತಲೇ ಬೈದಿದ್ದೆ.

ಅವಳು ನನ್ನ ಮುಖ ನೋಡಿದಳು. ಅರ್ಥವಾಯಿತು ಅವಳಿಗೆ. "ಮೈಕಲ್ಲಿ 'ಸಂಗಾತಿಗಳೇ' ಅಂತಿದ್ಯಲ್ಲ," ಅಂದಳು. "ಅದೇ ಬರ್ಕೋ."

ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು. "ಹೆಸರು ಹೇಳು," ಅಂದೆ. "ಇನ್ಮೇಲೆ ಮರೆಯಲ್ಲ."

ಹೇಳಿದಳು. ಅವಳ ತಂದೆಯ ಹೆಸರೂ ಸೇರಿಸಿ, ಪೂರ್ತಿ. ಒಂದೊಂದೇ ಅಕ್ಷರ ಬರೆದುಕೊಂಡೆ. ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಓದುವ ಜಾಗದಲ್ಲಿ ಮೊದಲು ಬರಲಿ.

"ಒಳಗೆ ಬಾ," ಅಂದಳು. "ಬಾಗಿಲಲ್ಲಿ ನಿಂತ್ರೆ ಪಕ್ಕದ ಮನೆಯೋರು ಸಾಲ ಕೇಳೋಕೆ ಬಂದಿದ್ದಾಳೆ ಅಂದ್ಕೋತಾರೆ."

ಮಾರ್ಚ್ 10

ನಾಲ್ವರೂ ಸಂಘದ ಕಾರ್ಯದರ್ಶಿಯ ಹತ್ತಿರ ಹೋದೆವು. ನಿವೃತ್ತ ಎಂಜಿನಿಯರ್. ಮಾತಿಗೆ ಮುಂಚೆ ಕನ್ನಡಕ ಒರೆಸುವವನು. ಅಂಗಡಿಯವನೂ ಇದ್ದ.

"ನಿಯಮ ಅಂದ್ರೆ ನಿಯಮ, ಮೇಡಂ. ಒಂದು ಸೈನ್ಯ, ಒಬ್ಬ ಕಲಾವಿದ," ಅಂದ ಕಾರ್ಯದರ್ಶಿ.

ಗೋಡೆಯ ಮೇಲೆ ಹೋದ ವರ್ಷ ಬಹುಮಾನ ಗೆದ್ದ ಸೈನ್ಯದ ಫೋಟೋ. ಕೆಳಗೆ ಆ ಸೈನ್ಯದ ಮಾಲೀಕನ ಹೆಸರು. "ಇದಕ್ಕೆ ಬಣ್ಣ ಹಾಕಿದ್ದು ಇವರೇನಾ ಸಾರ್?" ಅಂದೆ.

ಅಂಗಡಿಯವನು ಫ್ಯಾನು ನೋಡಿದ. ಕಾರ್ಯದರ್ಶಿ ಕನ್ನಡಕ ಒರೆಸಿದ. "ಅದು... ದುಡ್ಡು ಕೊಟ್ಟು ಹಾಕಿಸಿದ್ದು. ಆದ್ರೆ ಕಲ್ಪನೆ ಅವರದ್ದು."

"ಅಂದ್ರೆ ಬಣ್ಣ ಮುಟ್ಟದೋನ ಒಂದು ಹೆಸರು ನಡೆಯುತ್ತೆ. ಬಣ್ಣ ಹಾಕಿದೋರ ನಾಲ್ಕು ಹೆಸರು ನಡೆಯಲ್ಲ."

ಕೂಗಲಿಲ್ಲ. ಮೈಕು ಇರಲಿಲ್ಲ, ಬೇಕೂ ಆಗಲಿಲ್ಲ. ಕೊನೆಗೆ ಕಾರ್ಯದರ್ಶಿಯೇ ಹೇಳಿದ — ಸ್ಪರ್ಧೆಗೆ ಸೇರಿಸಲು ಬರುವುದಿಲ್ಲ. ಪ್ರದರ್ಶನಕ್ಕೆ ಇಡಬಹುದು. ಬಾಗಿಲ ಹತ್ತಿರ ಒಂದು ಮೇಜು. ಕಾರ್ಡಿನ ಮೇಲೆ ಎಷ್ಟು ಹೆಸರು ಬೇಕಾದರೂ ಬರೆದುಕೊಳ್ಳಿ. ಗೋಡೆಯ ಪಟ್ಟಿಯಲ್ಲೂ ನಾಲ್ಕು ಹೆಸರು ಬರೆಯುತ್ತೇನೆ ಅಂದ ಅಂಗಡಿಯವನು.

ಹೊರಗೆ ಬಂದ ಮೇಲೆ ತುಟಿ ಕೇಳಿದಳು, "ಬಹುಮಾನದ ಮೇಜಲ್ಲಿ ಇಲ್ದೇ ಇದ್ರೆ ಯಾರು ನೋಡ್ತಾರೆ? ಕೆಲಸ ಯಾರು ಕೊಡ್ತಾರೆ?"

ಆದರೂ ಯಾರೂ ಹಿಂದೆ ಸರಿಯಲಿಲ್ಲ.

ಮಾರ್ಚ್ 22, ಬೆಳಿಗ್ಗೆ 11

ಗ್ರಂಥಾಲಯದ ಮೇಲಿನ ಹಾಲ್. ನಮ್ಮ ಮೇಜು ಚಪ್ಪಲಿ ಬಿಡುವ ಜಾಗಕ್ಕೆ ಹತ್ತಿರ. ಇನ್ನೂರ ನಲವತ್ತು ಸೈನಿಕರು, ಹನ್ನೆರಡು ಯಂತ್ರ, ಒಂಬತ್ತು ಟ್ಯಾಂಕು. ಕಾರ್ಡಿನಲ್ಲಿ ನಾಲ್ಕು ಹೆಸರು. ಮೊದಲನೆಯದು ನೆಲ ಮಾಡಿದವಳದು. ಅವಳು ಎರಡು ಸಲ ಓದಿದಳು. ಕಾರ್ಡನ್ನು ಬೆರಳಿನಿಂದ ಸ್ವಲ್ಪ ನೇರ ಮಾಡಿದಳು.

ಜನ ಒಳಗೆ ಬರುತ್ತಾರೆ, ನಮ್ಮನ್ನು ದಾಟಿ ಬಹುಮಾನದ ಮೇಜುಗಳಿಗೆ ಹೋಗುತ್ತಾರೆ.

ಮಧ್ಯಾಹ್ನ 3.30

ಹೋದವರು ಹೊರಗೂ ಬರಬೇಕಲ್ಲ. ಆಗ ನಿಲ್ಲುತ್ತಾರೆ. ದೂರದಿಂದಲೇ ಕಾಣುತ್ತದಂತೆ. ಅಲ್ಲಿಯ ಸೈನ್ಯಗಳು ಭೂತಗನ್ನಡಿಯ ಕೆಳಗೆ ಚೆಂದ. ನಮ್ಮದು ನಡೆದು ಬರುತ್ತಿದೆ, ಅಂದ ಒಬ್ಬ. ಮಂಡಿಯೂರಿ, ಮೇಜಿನ ಮಟ್ಟಕ್ಕೆ ಕಣ್ಣು ತಂದು ನೋಡಿದ.

"ಈ ಮಣ್ಣು ಯಾರು ಮಾಡಿದ್ದು?"

ಅವಳನ್ನು ಹೆಸರು ಹಿಡಿದು ಕರೆದೆ. ಬಂದಳು. ಇಟ್ಟಿಗೆ, ವೇಲು, ಒಣ ಬ್ರಷ್ಷು, ಧೂಳು ಎಲ್ಲಿಯವರೆಗೆ ಹತ್ತಬೇಕು — ಅರ್ಧ ಗಂಟೆ ಆಯಿತು, ಇನ್ನೂ ಹೇಳುತ್ತಿದ್ದಾಳೆ. ಏಳು ಜನ ಕೇಳುತ್ತಿದ್ದಾರೆ.

ಒಬ್ಬ ನನ್ನನ್ನು ಕೇಳಿದ, "ಇದರಲ್ಲಿ ನೀವು ಮಾಡಿದ್ದು ಯಾವುದು?"

"ಇವ್ರಿಗೆ ಕಣ್ಣಿತ್ತು," ಅಂದೆ. "ಅಳಿಸಿದ್ದು ನಾನು."

ಅವನಿಗೆ ಅರ್ಥವಾಗಲಿಲ್ಲ. ಆದರೂ ಮನೆಯಲ್ಲಿ ಆರು ವರ್ಷದಿಂದ ಬಣ್ಣ ಕಾಣದೆ ಬಿದ್ದಿರುವ ಎರಡು ಡಬ್ಬಿಗಳ ವಿಷಯ ಹೇಳಿ ಫೋನ್ ನಂಬರ್ ಬರೆದುಕೊಟ್ಟ. ಅವನ ಹಿಂದೆ ಇನ್ನೊಬ್ಬ. ಈಗ ಐದು ನಂಬರ್ ಇವೆ. ತುಟಿ ಅವನ್ನು ಕುಪ್ಪಸದೊಳಗೆ ಇಟ್ಟುಕೊಂಡಿದ್ದಾಳೆ, ಯಾರಿಗೂ ಕೊಡುತ್ತಿಲ್ಲ.

ಸಂಜೆ 5.10

ಬಾಗಿಲ ಹತ್ತಿರ ಯಾರೋ ತುಂಬ ಹೊತ್ತಿನಿಂದ ನಿಂತಿದ್ದಳು. ಕಾರ್ಖಾನೆಯವಳೇ. ಪ್ಯಾಕಿಂಗ್ ವಿಭಾಗ. ಮುಖ ಗೊತ್ತು, ಅಷ್ಟೇ.

"ಅಂಗಡಿ ಗೋಡೇಲಿ ನಿಮ್ಮ ನಾಲ್ಕು ಜನರ ಹೆಸರು ಓದಿದೆ," ಅಂದಳು. "ನಂಗೆ ಬಣ್ಣ ಬರಲ್ಲ. ಆದ್ರೆ ಇವನ್ನೆಲ್ಲ ಮುರೀದೆ ಹೇಗೆ ಮನೆಗೆ ಒಯ್ತೀರಾ? ಡಬ್ಬಿ ಯಾರು ಮಾಡ್ತಾರೆ?"

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೂ ಯೋಚಿಸಿರಲಿಲ್ಲ. ಕುರ್ಚಿ ಎಳೆದು ಕೊಟ್ಟೆ. ಈ ಪುಸ್ತಕದ ಹಾಳೆ ತಿರುವಿ, ಪೆನ್ನು ಕೈಯಲ್ಲೇ ಹಿಡಿದು, ಮೊದಲು ಕೇಳಬೇಕಾದದ್ದನ್ನು ಮೊದಲೇ ಕೇಳಿದೆ. ನಿನ್ನ ಹೆಸರೇನು, ಪೂರ್ತಿ ಹೇಳು ಅಂದೆ. ಹೇಳುತ್ತಿದ್ದಾಳೆ —