ಬಿದ್ದವನು ತಾನೇ ಏಳುವ ಆಟ

ಅಣ್ಣಾ,

ನಾವಿಬ್ಬರೂ ಕಾದಿದ್ದ ಆ ಬಾಹ್ಯಾಕಾಶ ಯುದ್ಧದ ಆಟದ ಎರಡನೇ ಭಾಗ ಬಂತು ಕಣೋ. ಪತ್ರಿಕೆಗೆ ಅದರ ವಿಮರ್ಶೆ ಬರೆಯುವ ಕೆಲಸ ನನ್ನ ತಲೆಗೇ ಬಿತ್ತು.

ಬಂದೂಕುಗಳು ಈಗ ನಿಜಕ್ಕೂ ಭಾರ ಅನ್ನಿಸುತ್ತವೆ. ನೌಕೆಯ ಗೋಡೆ ಒಡೆದಾಗ ಸದ್ದೆಲ್ಲ ಒಮ್ಮೆಲೇ ನಿಂತುಹೋಗುತ್ತದೆ. ನೀನಿದ್ದಿದ್ದರೆ ಕುರ್ಚಿಯಿಂದೆದ್ದು ಕುಣಿಯುತ್ತಿದ್ದೆ. ಕಥೆ ಮಾತ್ರ ಹಳಸಲು. ಖಳನಾಯಕ ಸಾಯುವ ಮೊದಲು ಹತ್ತು ನಿಮಿಷ ಭಾಷಣ ಬಿಗಿಯುತ್ತಾನೆ.

ಮೊದಲ ಭಾಗದಲ್ಲಿ ಜೊತೆಗಾರ ಬಿದ್ದರೆ ಗುಂಡಿನ ಸುರಿಮಳೆಯಲ್ಲೇ ಓಡಿಹೋಗಿ, ಐದು ಸೆಕೆಂಡು ಬಟನ್ ಒತ್ತಿ ಹಿಡಿದು ಎಬ್ಬಿಸಬೇಕಿತ್ತಲ್ಲ? "ಬೇಗ ಬಾರೇ, ಸತ್ತೆ!" ಎಂದು ನೀನು ಕಿರುಚುತ್ತಿದ್ದೆ. "ತಡಿಯೋ, ಬಂದೆ!" ಎನ್ನುತ್ತಿದ್ದೆ ನಾನು. ಈಗ ಇಬ್ಬರು ಆಡುವಂತಿಲ್ಲ. ಜೊತೆಗಾರನನ್ನು ಕಂಪ್ಯೂಟರೇ ನಡೆಸುತ್ತದೆ. ಬಿದ್ದರೆ ತಾನೇ ಏಳುತ್ತಾನೆ. ಅದನ್ನು ಮೆಚ್ಚುಗೆಯ ಪಟ್ಟಿಯಲ್ಲಿ ಬರೆದೆ.

ಸಂಪಾದಕರು ಓದಿ, "ಒಳ್ಳೇದಾಯ್ತು ಬಿಡಮ್ಮ, ಯಾರಿಗೋಸ್ಕರಾನೂ ಆಟ ನಿಲ್ಲಿಸಬೇಕಾಗಿಲ್ಲ" ಎಂದರು.

ಎದೆನೋವು ಬಂದು ನೀನು ಮೂರು ಸಲ ಫೋನ್ ಮಾಡಿದ ಆ ಮಧ್ಯಾಹ್ನ, ಯಾವುದೋ ಆಟದಲ್ಲಿ ಮುಳುಗಿದ್ದ ನಾನು ಈ ಹಂತ ಮುಗಿಸಿ ಮಾತಾಡೋಣ ಅಂದುಕೊಂಡು ಫೋನ್ ಎತ್ತಿರಲಿಲ್ಲ.

ಜೊತೆಗಾರ ತಾನೇ ಏಳುತ್ತಾನೆಂಬ ಸಾಲನ್ನು ಮೆಚ್ಚುಗೆಯಿಂದ ಅಳಿಸಿ ಕೊರತೆಗಳ ಪಟ್ಟಿಗೆ ಹಾಕಿದೆ. ವಿಮರ್ಶೆ ಅಚ್ಚಾಗಿ ಎಷ್ಟೋ ದಿನವಾಯಿತು. ಆದರೂ ದಿನಾ ಆಡುತ್ತೇನೆ. ಆ ಜೊತೆಗಾರ ಬಿದ್ದಾಗಲೆಲ್ಲ ಓಡಿಹೋಗಿ ಬಟನ್ ಒತ್ತಿ ಹಿಡಿಯುತ್ತೇನೆ. ಈ ಭಾಗದಲ್ಲಿ ಆ ಬಟನ್‌ಗೆ ಕೆಲಸವೇ ಇಲ್ಲ. ಅವನು ಎದ್ದು ಹೊರಟುಹೋದ ಮೇಲೂ ಬೆರಳು ತೆಗೆಯಲಾಗುತ್ತಿಲ್ಲ.

ಒಂದೇ ಒಂದು ಸಲ "ಬೇಗ ಬಾರೇ" ಅನ್ನೋ, ಅಣ್ಣಾ.